ಹಳೇ ಪತ್ರಿಕೆ, ಹೊಸ ಸ್ಕ್ಯಾನರು, ದೊಡ್ಡ ಮಂದಿ

ನಮ್ಮ ಕಡೆ ಒಂದು ಒಳ್ಳೆಯ ಕೆಲಸ ಶುರುವಾಯಿತು ಅಂದರೆ ಸಾಕು, ಅದನ್ನು ಕೆಡಿಸಲು ದೊಡ್ಡ ಮಂದಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದೇ ಬರುತ್ತಾರೆ. ಹಿಂದೆಯೂ ಬಂದಿದ್ದಾರೆ, ಮುಂದೆಯೂ ಬರುತ್ತಾರೆ. ನನ್ನ ಪಾಲಿಗೆ ಅವರು ಹಳೆಯ ಪತ್ರಿಕೆಗಳ ಕೆಲಸದಲ್ಲಿ ಗಂಟುಬಿದ್ದರು.

ಎರಡು ಸಾವಿರದ ಇಸವಿ ದಾಟಿ ಒಂದಷ್ಟು ವರ್ಷವಾಗಿತ್ತು. ಕಂಪ್ಯೂಟರ್ ಇರುವ ಕೋಣೆಗೆ ಜನ ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದ ಕಾಲ. ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಸಿಗುವ ಹಳೆಯ ಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಉಳಿಸುವ ಯೋಜನೆಯೊಂದು ಬೆಂಗಳೂರಿನಿಂದ ಮಂಜೂರಾಯಿತು. ಕೆಲಸ ನನ್ನ ತಲೆಗೆ ಬಂತು, ಹೆಸರು ಅದಕ್ಕೆಂದೇ ಮಾಡಿದ ಸಮಿತಿಯ ಅಧ್ಯಕ್ಷರಿಗೆ ಹೋಯಿತು. ನನಗೆ ಸಿಕ್ಕ ಸಹಾಯ ಅಂದರೆ ಒಬ್ಬ ಆಪರೇಟರ್ ಮತ್ತು ಒಂದು ದೊಡ್ಡ ಸ್ಕ್ಯಾನರು.

ಈ ಯೋಜನೆಯ ಜೀವ ಇದ್ದದ್ದು ಒಂದೇ ಒಂದು ಗಂಟಿನಲ್ಲಿ. ಸ್ವಾತಂತ್ರ್ಯ ಬರುವ ಮೊದಲು ಗೋಕಾಕದಲ್ಲಿ ಒಂದು ವಾರಪತ್ರಿಕೆ ಅಚ್ಚಾಗುತ್ತಿತ್ತು. ಅದರ ಸಂಚಿಕೆಗಳು ಎಲ್ಲೂ ಉಳಿದಿರಲಿಲ್ಲ. ಹುಕ್ಕೇರಿ ಬಾಜೂ ಹಳ್ಳಿಯೊಂದರ ಸಾವ್ಕಾರರ ಮನೆಯ ಅಟ್ಟದ ಮೇಲೆ ಮಾತ್ರ ಪೂರ್ತಿ ಇದ್ದವು. ಅವು ಮಾರ್ಚ್ ಒಳಗೆ ಸಿಗದಿದ್ದರೆ ಸ್ಕ್ಯಾನರು ಬೇರೆ ಜಿಲ್ಲೆಗೆ ಹೋಗುತ್ತದೆ ಎಂದು ಬೆಂಗಳೂರಿನವರು ಖಡಾಖಂಡಿತವಾಗಿ ಹೇಳಿದ್ದರು.

ಸಾವ್ಕಾರರದು ಒಂದು ಷರತ್ತು. ಅವರ ಊರಿನ ಚೌಕಕ್ಕೆ ಹೆಸರಿಡಬೇಕಾಗಿತ್ತು. ತಮ್ಮ ಅಜ್ಜನ ಹೆಸರೇ ಇಡಬೇಕು, ಅವರು ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋಗಿದ್ದರು ಅಂತ ಸಾವ್ಕಾರರ ಪಟ್ಟು. ಎದುರು ಮನೆಯವರೂ ತಮ್ಮ ಅಜ್ಜನ ಬಗ್ಗೆ ಅದನ್ನೇ ಹೇಳುತ್ತಿದ್ದರು. ಊರ ಪಂಚರು ಬೇಸತ್ತು, "ಪೇಪರ್‌ನ್ಯಾಗ ಬಂದದ್ದು ಯಾರು ತೋರಸ್ತಾರೋ ಅವರ ಅಜ್ಜನ ಹೆಸರು" ಅಂದುಬಿಟ್ಟಿದ್ದರು.

"ನಮ್ಮ ಅಜ್ಜನ ಸುದ್ದಿ ಅದರಾಗ ಬಂದೈತಿ ಅಂತ ಅಪ್ಪ ಹೇಳ್ತಿದ್ದ್ರಿ ಬಾಯಾರ. ಗಂಟು ಕೊಡ್ತೇನಿ. ನೀವು ಅಜ್ಜನ್ನ ಹುಡುಕಿ ಕೊಡ್ರಿ" ಎಂದರು ಸಾವ್ಕಾರರು. ಅವರು ಅಜ್ಜನ ಹೆಸರು ಕೆತ್ತಿಸಿದ ಕಲ್ಲು ಆಗಲೇ ಚೌಕದಲ್ಲಿ ನಿಂತಿತ್ತು, ಮೇಲೆ ಬಟ್ಟೆ ಮುಚ್ಚಿಕೊಂಡು. ಆದರೆ ಗಂಟು ಮಾತ್ರ ಇವತ್ತು ನಾಳೆ ಅನ್ನುತ್ತ ಅಟ್ಟದಿಂದ ಇಳಿಯಲೊಲ್ಲದು. ಆ ಗಂಟು ಬರುವತನಕ ನಡೆದ ತಮಾಷೆಗಳನ್ನು ಮೊದಲು ಹೇಳುತ್ತೇನೆ.

೧. ಬಿಳಿ ಕೈಗವಸು

ಹಳೆಯ ಕಾಗದವನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆವರು ತಾಗಿ ಹಾಳಾಗುತ್ತದೆ ಎಂದು ಬೆಂಗಳೂರಿನ ತಜ್ಞರು ಬಿಳಿ ಅರಿವೆಯ ಕೈಗವಸುಗಳ ಒಂದು ಪೊಟ್ಟಣ ಕಳಿಸಿದ್ದರು. ಅದು ಬಂದದ್ದು ಗೋಕಾಕದಲ್ಲಿ ಉದ್ಘಾಟನೆ ಇದ್ದ ದಿನವೇ. ನಾನು ಕುರ್ಚಿ ಹಾಕಿಸುವ ಗದ್ದಲದಲ್ಲಿದ್ದೆ. ಪೊಟ್ಟಣ ಅಧ್ಯಕ್ಷರ ಕೈಗೆ ಸಿಕ್ಕಿತು. ಅವರು ಅದನ್ನು ಬಿಚ್ಚಿ ನೋಡಿ, ಬೆಂಗಳೂರಿನವರು ಅತಿಥಿಗಳಿಗೆ ಕಳಿಸಿದ ಮರ್ಯಾದೆ ಇದು ಎಂದು ತೀರ್ಮಾನಿಸಿದರು.

ವೇದಿಕೆಯ ಮೇಲೆ ಒಬ್ಬೊಬ್ಬರಿಗೂ ಶಾಲು, ಹಾರ, ಕರದಂಟಿನ ಡಬ್ಬಿ, ಜೊತೆಗೆ ತಾಟಿನಲ್ಲಿ ಕೈಗವಸು. ಕೊಟ್ಟದ್ದನ್ನು ಹಾಕಿಕೊಳ್ಳದಿದ್ದರೆ ಅವಮಾನವಾದೀತೆಂದು ಎಲ್ಲರೂ ಅಲ್ಲೇ ಹಾಕಿಕೊಂಡರು. ಬೇಸಿಗೆಯ ಮಧ್ಯಾಹ್ನ, ಮೇಲೆ ತಗಡಿನ ಪೆಂಡಾಲು, ಸಾಲಾಗಿ ಕೂತ ಗಣ್ಯರು ಬಿಳಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆವರು ಸುರಿಸುತ್ತಿದ್ದರು. ಮದುವೆಯ ಬ್ಯಾಂಡಿನವರು ತುತ್ತೂರಿ ಮರೆತು ಬಂದ ಹಾಗೆ ಕಾಣುತ್ತಿದ್ದರು. ಒಬ್ಬರು ಕೈಗವಸಿನಲ್ಲೇ ಕರದಂಟು ತಿಂದು, ಬೆಲ್ಲ ಅಂಟಿದ ಬೆರಳು ಬಿಡಿಸಲಾರದೆ ಒದ್ದಾಡಿದರು.

ಅಧ್ಯಕ್ಷರು ಬಹಳ ಹೊತ್ತು ಮಾತಾಡಿದರು. ಇತಿಹಾಸ, ಸಂಸ್ಕೃತಿ, ಪರಂಪರೆ ಎಲ್ಲ ಬಂದವು, ಪತ್ರಿಕೆ ಮಾತ್ರ ಬರಲಿಲ್ಲ. ಸಭೆಯಲ್ಲಿದ್ದ ವಿದ್ಯಾರ್ಥಿಗಳು ಯಾವಾಗಲೋ ಎದ್ದು ಹೋಗಿದ್ದರು. ಭಾಷಣ ಮುಗಿಸಿ ಅವರು ಒಂದು ಕ್ಷಣ ನಿಂತರು, ಏನೂ ಕೇಳಿಸಲಿಲ್ಲ. ಕೆಳಗಿಳಿದವರೇ ನನ್ನ ಮೇಲೆ ಹರಿಹಾಯ್ದರು.

"ಏನ್ರಿ ಬಾಯಾರ, ವೇದಿಕಿ ಮ್ಯಾಲಿನ ಒಬ್ಬ ಮಗನೂ ಚಪ್ಪಾಳಿ ಹೊಡೀಲಿಲ್ಲಲ್ರಿ! ಇದು ಯಾರದರ ಪಿತೂರಿ ಇರಬೇಕು!"

"ಎಲ್ಲಾರೂ ಹೊಡದ್ರ್ರಿ ಸರ" ಅಂದೆ. "ನೀವ ಕೊಟ್ಟ ಗ್ಲೌಸ್ ಹಾಕ್ಕೊಂಡು ಹೊಡದ್ರು."

೨. ಮೂಡಲಗಿಯ ಕಾಟಾ

ಜನರ ಮನೆಗಳಲ್ಲಿ ಹಳೆಯ ಪತ್ರಿಕೆ ಇದ್ದರೆ ತರಿಸಿಕೊಳ್ಳೋಣ ಎಂದು ಸ್ಕ್ಯಾನರನ್ನು ಮೂಡಲಗಿಯ ಶಾಲೆಯ ಕೋಣೆಯೊಂದಕ್ಕೆ ಒಯ್ದು ಒಂದು ದಿನ ಶಿಬಿರ ಇಟ್ಟೆವು. ಪ್ರಚಾರದ ಹೊಣೆ ಅಧ್ಯಕ್ಷರು ತಾವೇ ಹೊತ್ತರು. ಅವರು ಒಂದು ಆಟೋರಿಕ್ಷಾಕ್ಕೆ ಧ್ವನಿವರ್ಧಕ ಕಟ್ಟಿಸಿದರು. ಆ ಆಟೋದವನು ದಿನಾ ಹಳೇ ಸೀರೆಗೆ ಸ್ಟೀಲಿನ ಬಾಂಡೆ-ಪಾತ್ರೆ ಕೊಡುವ ವ್ಯಾಪಾರಿಯ ಪರವಾಗಿ ಕೂಗುತ್ತಿದ್ದವನು. ಇದನ್ನು ವಿಚಾರಿಸುವ ವ್ಯವಧಾನ ಅಧ್ಯಕ್ಷರಿಗೆ ಎಲ್ಲಿಂದ ಬರಬೇಕು?

ಆಟೋದವನು ನಾನು ಬರೆದುಕೊಟ್ಟ ನಾಲ್ಕು ಸಾಲು ಓದಿದ. ಓದಿ ಮುಗಿದ ಮೇಲೆ ಬಾಯಿ ರೂಢಿಯಂತೆ ಮುಂದುವರಿಯಿತು. "ಬರ್ರಿ ಅಕ್ಕಾರ, ಬರ್ರಿ ತಾಯಂದಿರ! ಹಳೇದು ಕೊಡ್ರಿ, ಹೊಸಾದ ಒಯ್ರಿ!"

ಹತ್ತು ಗಂಟೆಗೆಲ್ಲ ಜಾತ್ರೆಯೇ ನೆರೆಯಿತು. ಮಸಗುಪ್ಪಿಯಿಂದಲೂ ಟೆಂಪೋ ಹತ್ತಿ ಬಂದಿದ್ದರು. ಎಲ್ಲರ ತಲೆಯ ಮೇಲೂ ಹೋದ ತಿಂಗಳ ರದ್ದಿ. ಕೆಲವರು ಹರಿದ ಸೀರೆಯನ್ನೂ ತಂದಿದ್ದರು, ಇರಲಿ ಅಂತ. ಬಾಂಡೆ ಎಲ್ಲಿ ಎಂದು ಕೋಣೆಯ ಮೂಲೆಮೂಲೆ ನೋಡಿದರು. ನಾನು ಗಂಟಲು ಹರಿಯುವಂತೆ ವಿವರಿಸಿದೆ. ನಮಗೆ ಬೇಕಾದದ್ದು ಅಜ್ಜ ಮುತ್ತಜ್ಜರ ಕಾಲದ ಪತ್ರಿಕೆ, ಅದನ್ನೂ ಇಟ್ಟುಕೊಳ್ಳುವುದಿಲ್ಲ, ಫೋಟೋ ತೆಗೆದು ವಾಪಸ್ ಕೊಡುತ್ತೇವೆ ಅಂದೆ. ಯಾರೂ ನಂಬಲಿಲ್ಲ. ರದ್ದಿಯ ಫೋಟೋ ತೆಗೆಯುವ ಮೂರ್ಖರು ಇರಬಹುದೆಂದು ಅವರಿಗೆ ಹೇಗೆ ತಿಳಿಯಬೇಕು?

ಅಧ್ಯಕ್ಷರು ಮಾತ್ರ ಬಾಗಿಲಲ್ಲಿ ನಿಂತು, ಫೋಟೋಗ್ರಾಫರನನ್ನು ಕರೆಸಿ, ಆ ಗದ್ದಲದ ನಡುವೆ ನಗುತ್ತ ಫೋಟೋ ಹೊಡೆಸಿಕೊಂಡರು. "ನೋಡ್ರಿ, ಇತಿಹಾಸದ ಮ್ಯಾಲ ನಮ್ಮ ಹೆಣ್ಣಮಕ್ಕಳಿಗೆ ಎಷ್ಟು ಆಸ್ಥೆ ಐತಿ!"

ಅಷ್ಟರಲ್ಲಿ ಒಬ್ಬ ಗಟ್ಟಿ ಹೆಂಗಸು ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿ ತನ್ನ ರದ್ದಿಯ ಗಂಟನ್ನು ಸ್ಕ್ಯಾನರಿನ ಗಾಜಿನ ಮೇಲೆ ಧಪ್ಪನೆ ಇಟ್ಟಳು. ಆಪರೇಟರನ ಎದೆ ಒಡೆಯಿತು, ಗಾಜು ಒಡೆಯಲಿಲ್ಲ. ಗಾಬರಿಯಲ್ಲಿ ಅವನ ಕೈ ಗುಂಡಿಗೆ ಬಿತ್ತು. ಬೆಳಕು ಈ ತುದಿಯಿಂದ ಆ ತುದಿಗೆ ಹೋಗಿ ವಾಪಸ್ ಬಂತು. ಅವಳು ಬಗ್ಗಿ ನೋಡಿದಳು, ಮತ್ತೊಮ್ಮೆ ನೋಡಿದಳು. ಆಮೇಲೆ ಗಂಟು ಎತ್ತಿಕೊಂಡು ಹೊರಗಿನವರಿಗೆಲ್ಲ ಕೇಳುವಂತೆ ಕೂಗಿದಳು.

"ನಡೀರೇ ಎಲ್ಲಾರೂ! ದೀಪಾ ಹತ್ತತೈತಿ, ತೂಕಾ ತೋರ್ಸೂದಿಲ್ಲ. ಮೋಸದ ಕಾಟಾ ಐತಿ ಇದು!"

೩. ಸಾಹೇಬರ ಹಣೆ

ದಸರೆ ಬಂತು. ಖಂಡೇ ಪೂಜೆಯ ದಿನ ನಮ್ಮ ಕಡೆ ಕೊಡಲಿಯಿಂದ ಹಿಡಿದು ಟ್ರ್ಯಾಕ್ಟರಿನತನಕ ಎಲ್ಲಕ್ಕೂ ಪೂಜೆ ಆಗಬೇಕು. ಸ್ಕ್ಯಾನರಿಗೂ ಆಗಲಿ, ಬೇಡ ಅನ್ನಲು ನಾನ್ಯಾರು? ಒಂದು ಹೂವು, ಎರಡು ಊದುಬತ್ತಿ ಎಂದು ಆಪರೇಟರಿಗೆ ಹೇಳಿ ನಾನು ಹುಕ್ಕೇರಿ ಬಸ್ಸು ಹತ್ತಿದೆ, ಸಾವ್ಕಾರರ ಮನೆಗೆ. ಅವರು ಯಥಾಪ್ರಕಾರ ಚಹಾ ಕೊಟ್ಟರು, ಗಂಟು ಕೊಡಲಿಲ್ಲ. "ಹಬ್ಬದಾಗ ಅಟ್ಟದ ಮ್ಯಾಲಿಂದು ಇಳಸಬಾರದ್ರಿ" ಅಂದರು. ಇದು ಯಾವ ಶಾಸ್ತ್ರ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಇತ್ತ ಗೋಕಾಕದಲ್ಲಿ ಪೂಜೆಗೆ ಅಧ್ಯಕ್ಷರು ಖುದ್ದಾಗಿ ಬಂದರಂತೆ. ಆಪರೇಟರ್ ಸ್ಕ್ಯಾನರಿನ ಮುಚ್ಚಳದ ಮೇಲೆ ವಿಭೂತಿ ಹಚ್ಚಲು ಹೋದಾಗ ತಡೆದರಂತೆ. "ಹೊರಗ ಹಚ್ಚಿದ್ರ ಏನ್ ಬಂತೋ? ಕೆಲಸಾ ಮಾಡೂದು ಒಳಗಿನ ಕನ್ನಡಿ. ಅದಕ್ಕ ಹಚ್ಚು." ಹೇಳಿದ್ದಷ್ಟೇ ಅಲ್ಲ, ತಾವೇ ಮುಚ್ಚಳ ಎತ್ತಿ, ನೀರಿನಲ್ಲಿ ಕಲಸಿದ ವಿಭೂತಿಯಿಂದ ಗಾಜಿನ ಮೇಲೆ ಮೂರು ಬೆರಳು ಎಳೆದು, ನಡುವೆ ಕುಂಕುಮ ಇಟ್ಟರಂತೆ.

ಹಬ್ಬ ಮುಗಿದು ಕೆಲಸ ಶುರುವಾದರೂ ಆಪರೇಟರ್ ಅದನ್ನು ಒರೆಸಲಿಲ್ಲ. "ಪೂಜಾ ಮಾಡಿದ್ದು ಕೈಯಾರೆ ಒರಸಬಾರದ್ರಿ, ತಾನ ಹೋಗಬೇಕ್ರಿ" ಅಂತ ಅವನ ಸಮಜಾಯಿಷಿ. ನಾನು ಹಬ್ಬದ ರಜೆ ಮುಗಿಸಿ ತಡವಾಗಿ ಮರಳಿ ಬಂದು ನೋಡಿದರೆ ಅಷ್ಟೂ ದಿನ ಸ್ಕ್ಯಾನ್ ಆದ ಪುಟಗಳೆಲ್ಲ ವಿಭೂತಿ ಧರಿಸಿ ಕೂತಿದ್ದವು. ಹತ್ತಿ ಪೇಟೆಯ ಧಾರಣೆಗೆ ವಿಭೂತಿ, ಕಳೆದುಹೋದ ಎಮ್ಮೆಯ ಪ್ರಕಟಣೆಗೆ ವಿಭೂತಿ, ಕಾಮಾಲೆ ಔಷಧದ ಜಾಹೀರಾತಿಗೆ ಕುಂಕುಮ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸಿಟ್ಟಂತೂ ನೆತ್ತಿಗೇರಿತ್ತು.

ಅದರಲ್ಲಿ ಒಂದು ಪುಟದಲ್ಲಿ ಯಾವನೋ ಬ್ರಿಟಿಷ್ ಕಲೆಕ್ಟರನ ಚಿತ್ರವಿತ್ತು. ಹ್ಯಾಟು ಕೈಯಲ್ಲಿ, ಮೀಸೆ ಮೇಲಕ್ಕೆ, ಮತ್ತು ಸರಿಯಾಗಿ ಹಣೆಯ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಅಳಿಸಿಹಾಕಿ ಮತ್ತೆ ಸ್ಕ್ಯಾನ್ ಮಾಡಬೇಕು ಎಂದು ತೋರಿಸಲು ಅಧ್ಯಕ್ಷರನ್ನು ಕರೆದೆ. ಅವರು ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿ, ಕಣ್ಣಲ್ಲಿ ನೀರು ತಂದುಕೊಂಡರು.

"ಬಾಯಾರ, ಇದನ್ನ ದೊಡ್ಡದ ಮಾಡಿ ಕಾಲೇಜಿನಾಗ ಹಾಕ್ರಿ. ಇಂಗ್ಲೀಷ್ ಸಾಹೇಬರು ಸೈತ ನಮ್ಮ ಧರ್ಮಕ್ಕ ಎಷ್ಟು ಗೌರವ ಕೊಡ್ತಿದ್ರು ಅಂತ ಇವತ್ತಿನ ಹುಡುಗೂರಿಗೆ ಗೊತ್ತಾಗ್ಲಿ!"

೪. ನಮ್ಮ ಏಕೈಕ ಸಂಶೋಧಕ

"ಇಷ್ಟೆಲ್ಲ ಮಾಡಿ ಇಟ್ಟೀರಿ, ಯಾರರ ಓದಾಕ ಬರ್ತಾರೇನ್ರಿ?" ಎಂದು ಒಂದು ದಿನ ಅಧ್ಯಕ್ಷರು ಕೇಳಿದರು. ಬರುತ್ತಿದ್ದರು, ಒಬ್ಬರು. ಬಿಳಿ ಪಾಯಿಜಾಮ, ಬಾಯಲ್ಲಿ ಎಲೆಯಡಿಕೆ. ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಆಪರೇಟರ್ ಕಂಪ್ಯೂಟರಿನಲ್ಲಿ ಪುಟಗಳನ್ನು ತೆಗೆದು ಕೊಡುತ್ತಿದ್ದ, ಅವರು ಕಣ್ಣು ಕಿರಿದು ಮಾಡಿ ಒಂದೇ ಮೂಲೆಯನ್ನು ನೋಡಿ, ಅಂಗೈ ಮೇಲೆ ಪೆನ್ನಿನಿಂದ ಏನೋ ಗೀಚಿಕೊಂಡು ಹೊರಟುಬಿಡುತ್ತಿದ್ದರು. ಪ್ರಾಧ್ಯಾಪಕರು ಒಬ್ಬರೂ ಇತ್ತ ಸುಳಿಯದ ಕಾಲದಲ್ಲಿ ನನಗೆ ಅವರೇ ದೇವರಂತೆ ಕಂಡಿದ್ದರು.

ಅಧ್ಯಕ್ಷರಿಗೆ ಹಿಗ್ಗು. ಸನ್ಮಾನಕ್ಕೆ ತಾರೀಕು ಗೊತ್ತಾಯಿತು, ಪೆಂಡಾಲು ಎದ್ದಿತು, ಸಂಶೋಧಕರಿಗೆ ಶಾಲು ಹೊದಿಸಿದ್ದಾಯಿತು. ಕಾಲೇಜಿನ ಇತಿಹಾಸದ ಪ್ರಾಧ್ಯಾಪಕರು ಅವರ ಅಧ್ಯಯನಶೀಲತೆಯನ್ನು ಹೊಗಳಿ ಅರ್ಧ ಗಂಟೆ ಮಾತಾಡಿದರು. ಅಲ್ಲಿತನಕ ಆ ಮನುಷ್ಯನ ಮುಖವನ್ನೇ ಅವರು ನೋಡಿರಲಿಲ್ಲ. ಕೊನೆಗೆ ಸನ್ಮಾನಿತರಿಗೆ ಮೈಕು ಕೊಟ್ಟರು.

"ನಾ ಭಾಳ ಕಲ್ತಾಂವ ಅಲ್ರಿ" ಎಂದು ಅವರು ವಿನಯದಿಂದ ಶುರುಮಾಡಿದರು. "ಖರೆ, ಈ ಹಳೇ ಪೇಪರ್ ನೋಡಾಕ ಹತ್ತಿದ ಮ್ಯಾಲ ನಮ್ಮ ಮನೀನ ಸುಧಾರಿಸ್ತ್ರಿ. ತಗಡ ಹೋಗಿ ಮ್ಯಾಲ ಸ್ಲ್ಯಾಬ್ ಬಿತ್ತು. ಮಗಳ ಮದವಿ ಆತು." ಸಭೆಯಲ್ಲಿ ಚಪ್ಪಾಳೆ. ಜ್ಞಾನದಿಂದ ಸ್ಲ್ಯಾಬ್ ಬೀಳುವುದು ಹೇಗೆ ಎಂದು ನನಗೆ ಸಣ್ಣಗೆ ಅನುಮಾನ ಶುರುವಾಯಿತು. ನಮ್ಮ ಕಡೆ ಓಸಿ ಅಂತ ಅಂಕಿಯ ಜೂಜು ಇದೆ. ಇವತ್ತು ಯಾವ ಅಂಕಿ ಬರುತ್ತದೆ ಎಂದು ತಿಳಿಯಲು ಜನ ಕನಸು ಕೇಳುತ್ತಾರೆ, ಸ್ವಾಮಿಗಳ ಕಾಲು ಹಿಡಿಯುತ್ತಾರೆ. ಈ ಮಹಾಶಯರು ಹಳೆಯ ಪತ್ರಿಕೆಯ ಹತ್ತಿ ಧಾರಣೆಯ ಅಂಕಿ ಹಿಡಿದಿದ್ದರು.

"ಅದಕ್ಕ ಎಲ್ಲಾರೂ ಬಂದು ಓದ್ರಿ" ಎಂದು ಅವರು ಮುಗಿಸಿದರು. "ಆದ್ರ ಒಂದು ಮಾತ್ರಿ. ಮುಂಬೈ ಹತ್ತಿ ಧಾರಣಿ ಇರೂ ಪುಟಾ ಮುಂಜಾನೇನ ನೋಡಿ ಹೋಗ್ರಿ. ಮಧ್ಯಾಹ್ನ ಆದ ಮ್ಯಾಲ ಬುಕಿಂಗ್ ಬಂದ್ ಆಗ್ತೈತಿ."

೫. ಸುರಕ್ಷಿತ ಜಾಗ

ಮಾಡಿದ ಕೆಲಸ ಒಂದೇ ಕಡೆ ಇದ್ದರೆ ಅಪಾಯ, ಪ್ರತಿಗಳನ್ನು ಬೇರೆ ಬೇರೆ ಊರಿನಲ್ಲಿ ಇಡಿ ಎಂದು ಬೆಂಗಳೂರಿನವರು ಹೇಳಿದ್ದರು. ಸಿ.ಡಿ.ಗಳ ಒಂದು ಕಟ್ಟನ್ನು ಸಮಿತಿಯ ಮೂಡಲಗಿ ಸದಸ್ಯರಿಗೆ ಒಪ್ಪಿಸಿದೆ. ಕಬ್ಬು ಬೆಳೆಯುವ ದೊಡ್ಡ ಕುಳ. ಕಬ್ಬಿಣದ ಕಪಾಟಿದೆ, ಕೀಲಿ ನನ್ನ ಉಡದಾರದಲ್ಲಿರುತ್ತದೆ ಎಂದು ಎದೆ ತಟ್ಟಿಕೊಂಡಿದ್ದರು.

ಕಬ್ಬಿನ ಹಂಗಾಮು. ಒಂದು ಸಂಜೆ ಮೂಡಲಗಿಯಿಂದ ಬರುವಾಗ, ತುಕ್ಕಾನಟ್ಟಿ ಹತ್ತಿರ ನಮ್ಮ ಬಸ್ಸು ಕಬ್ಬಿನ ಟ್ರೇಲರ್ ಒಂದರ ಹಿಂದೆ ಸಿಕ್ಕಿಕೊಂಡಿತು. ಬಸ್ಸಿನ ದೀಪ ಬಿದ್ದಾಗ ಟ್ರೇಲರಿನ ಹಿಂಭಾಗ ಝಗ್ಗನೆ ಹೊಳೆಯಿತು. ಕತ್ತಲಲ್ಲಿ ಹಿಂದಿನ ಗಾಡಿಗಳಿಗೆ ಕಾಣಲೆಂದು ಹಗ್ಗಕ್ಕೆ ಪೋಣಿಸಿ ಕಟ್ಟಿದ ಸಿ.ಡಿ.ಗಳು, ತೋರಣದ ಹಾಗೆ. ಒಂದರ ಮೇಲೆ ನನ್ನದೇ ಅಕ್ಷರ ಕಂಡಿತು.

ಮರುದಿನ ಸದಸ್ಯರನ್ನು ಹಿಡಿದೆ. "ಸಿ.ಡಿ. ಎಲ್ಲಿ ಅದಾವ್ರಿ?"

"ಸುರಕ್ಷಿತ ಜಾಗಾದಾಗ ಅದಾವ್ರಿ ಬಾಯಾರ."

"ಟ್ರೇಲರ್ ಹಿಂದ ಜೋತಾಡಾಕತ್ತಾವಲ್ರಿ!"

ಮನುಷ್ಯನಿಗೆ ನಾಚಿಕೆಯ ಸೋಂಕೂ ಇರಲಿಲ್ಲ. ತಣ್ಣಗೆ ಕೇಳಿದರು. "ಕಪಾಟಿನಾಗ ಇಟ್ರ ಯಾರು ನೋಡತಿದ್ರ್ರಿ? ಈಗ ನೋಡ್ರಿ, ಹಿಂದ ಬರೂ ಲಾರಿಯವರು, ಬಸ್ಸಿನವರು ಎಲ್ಲಾರೂ ದಿನಾ ನೋಡಾಕತ್ತಾರ. ನಿಮ್ಮ ಪೇಪರ್‌ಗೆ ಇಷ್ಟು ಮಂದಿ ಹಿಂದ ಎಂದರ ಇದ್ರೇನ್ರಿ?"

೬. ಸಾವ್ಕಾರರ ಅಜ್ಜ

ಅಂತೂ ಮಾರ್ಚ್ ಹತ್ತಿರ ಬಂದಾಗ ಸಾವ್ಕಾರರ ಗಂಟು ಅಟ್ಟದಿಂದ ಇಳಿಯಿತು. ಜೀಪಿನಲ್ಲಿ, ಜರಿಯಂಚಿನ ಶಾಲು ಸುತ್ತಿಕೊಂಡು, ಮದುಮಗಳಂತೆ ಬಂತು. ಅದನ್ನು ಬಿಚ್ಚಿದಾಗ ನನಗಾದ ಸಂತೋಷ ಹೇಳಲಾರೆ. ಒಂದು ಕಾಲದ ಗೋಕಾಕವೇ ಅದರಲ್ಲಿತ್ತು. ನೀರಿನ ಜಗಳ, ನಾಟಕ ಕಂಪನಿಯ ಬರವು, ಪ್ಲೇಗಿನ ಸುದ್ದಿ, ಮದುವೆ ವರದಿ, ಎಲ್ಲ.

ಸಾವ್ಕಾರರು ದಿನಾ ಬಂದು ಕಂಪ್ಯೂಟರಿನ ಎದುರು ಕುರ್ಚಿ ಹಾಕಿ ಕೂತರು. "ಅಜ್ಜನ ಹೆಸರು ಹೊಡೀರಿ, ಬರ್ತೈತಿ" ಎಂದು ಆಪರೇಟರನ ಪ್ರಾಣ ಹಿಂಡಿದರು. ಇದು ಬರೀ ಪುಟದ ಫೋಟೋ, ಕಂಪ್ಯೂಟರಿಗೆ ಓದಲು ಬರುವುದಿಲ್ಲ ಎಂದು ನಾನು ಹೇಳಿದರೆ, "ಮತ್ತ ಇಷ್ಟ ದೊಡ್ಡ ಮಷೀನ್ ಯಾಕ ಇಟ್ಟೀರಿ?" ಎಂದು ಗದರಿದರು. ಕೊನೆಗೆ ಮೂಲ ಹಾಳೆಗಳನ್ನೇ ಹರಡಿಕೊಂಡು ಓದಿದವರು ನಾವೇ. ಆಪರೇಟರ್ ಒಂದು ಕಡೆಯಿಂದ, ನಾನು ಒಂದು ಕಡೆಯಿಂದ, ಸಾಲು ಸಾಲು.

ಸಿಕ್ಕಿದ್ದು ಆಪರೇಟರನಿಗೆ. ಒಂದು ಸಂಚಿಕೆಯ ಕೊನೆಯ ಪುಟ, ಸಾವ್ಕಾರರ ಊರಿನ ಹೆಸರು ದಪ್ಪ ಅಕ್ಷರದಲ್ಲಿ. ಅವನು ಗಟ್ಟಿಯಾಗಿ ಓದತೊಡಗಿದ. "ಧ್ವಜ ಹಿಡಿದು ಮೆರವಣಿಗೆ ತೆಗೆದು, ನಗುನಗುತ್ತ ಸೆರೆಮನೆಗೆ ನಡೆದ ಧೀರರು ಇಬ್ಬರು. ಒಬ್ಬರು ಶ್ರೀ..." ಎಂದು ಎದುರು ಮನೆಯವರ ಅಜ್ಜನ ಹೆಸರು ಓದಿದ. ಸಾವ್ಕಾರರು ಕುರ್ಚಿಯ ತುದಿಗೆ ಬಂದರು. "ಇನ್ನೊಬ್ಬರು ಶ್ರೀ... ಶ್ರೀ ಸುಗಂಧ ಹಲ್ಲುಪುಡಿ, ಎಲ್ಲ ಅಂಗಡಿಗಳಲ್ಲಿ ದೊರೆಯುತ್ತದೆ."

ನಾನು ಬಗ್ಗಿ ನೋಡಿದೆ. ಪುಟದಲ್ಲಿ ಅಂಗೈಯಗಲದ ಒಂದು ತೂತು. ನೀಟಾಗಿ, ನೇರವಾಗಿ, ಕತ್ತರಿಯಿಂದ ಕತ್ತರಿಸಿದ ತೂತು. ಅದರೊಳಗಿಂದ ಕೆಳಗಿನ ಹಾಳೆಯ ಹಲ್ಲುಪುಡಿ ಇಣುಕುತ್ತಿತ್ತು.

"ಯಾರ ಕೆಲಸಾ ಇದು?" ಎಂದು ಚೀರಿದೆ. ಸಾವ್ಕಾರರ ಮುಖ ಸುಣ್ಣದ ಗೋಡೆಯಾಗಿತ್ತು. ಹಾಳೆ ತಿರುವಿ ನೋಡಿದೆ. ಅತ್ತ ಕಡೆ "ಕುಸ್ತಿ ಕಣದಿಂದ" ಎಂಬ ತಲೆಬರಹ ಮಾತ್ರ ಉಳಿದಿತ್ತು, ಕೆಳಗೆ ಅದೇ ತೂತು.

ಆಗ ಬಾಯಿ ಬಿಟ್ಟರು. ಗಂಟು ನಮಗೆ ಕೊಡುವ ಮೊದಲು ಒಮ್ಮೆ ಝಾಡಿಸಿ ನೋಡೋಣವೆಂದು ಬಿಚ್ಚಿದ್ದರಂತೆ. "ಅಪ್ಪ ಆ ಒಂದ ಹಾಳೀನ ಮಡಚಿ ಗುರುತ ಇಟ್ಟಿದ್ದ್ರಿ. ತಗದ ನೋಡಿದ್ರ ಅಜ್ಜ ಕುಸ್ತ್ಯಾಗ ಬಿದ್ದ ಸುದ್ದಿ. ಕಂಪ್ಯೂಟರ್‌ದಾಗ ಹೋದ್ರ ದೇಶಕ್ಕೆಲ್ಲ ಗೊತ್ತಾಗ್ತೈತಿ, ಮನೆತನದ ಮರ್ಯಾದಿ ಏನಾಗಬೇಕು ಅಂತ ಕತ್ತರಿಸಿದ್ನಿ."

"ಇನ್ನೊಂದ ಬಾಜೂ ತಿರುವಿ ನೋಡಲಿಲ್ಲೇನ್ರಿ?"

"ಇಲ್ರಿ."

"ಕತ್ತರಿಸಿದ ತುಂಡರ ಎಲ್ಲಿ ಐತಿ?"

"ನೀರೊಲಿಗೆ ಹಾಕಿದ್ನಿ."

ಮಗ ಹೆಮ್ಮೆಯಿಂದ ಮಡಚಿಟ್ಟದ್ದನ್ನು ಮೊಮ್ಮಗ ಮರ್ಯಾದೆಯಿಂದ ಕತ್ತರಿಸಿ ಸ್ನಾನದ ನೀರು ಕಾಯಿಸಿಕೊಂಡಿದ್ದ! ಅಷ್ಟು ವರ್ಷ ಇಲಿಯಿಂದ, ಸೋರುವ ಮಳೆಯಿಂದ ಉಳಿದ ಗಂಟು ಕೊನೆಗೆ ಇವನ ಕೈಯಲ್ಲಿ ಹಾಳಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಸಾವ್ಕಾರರಿಗೆ ಇನ್ನೂ ಆಸೆ ಹೋಗಿರಲಿಲ್ಲ. "ಬಾಯಾರ, ಹಿಂದಿನ ಬಾಜೂದಿಂದ ಸ್ಕ್ಯಾನ್ ಮಾಡಿದ್ರ ಬರ್ಬಹುದೇನ್ರಿ?"

"ಸಾವ್ಕಾರ್ರ, ತೂತು ಯಾ ಬಾಜೂದಿಂದ ನೋಡಿದ್ರೂ ತೂತ."

ಬೆಂಗಳೂರಿಗೆ ಫೋನ್ ಮಾಡಿ, ಎಲ್ಲ ಪೂರ್ತಿಯಾಗಿದೆ, ಒಂದು ಹಾಳೆ ಮಾತ್ರ ಹಾಳಾಗಿದೆ ಎಂದು ತಿಳಿಸಿದೆ. ತಜ್ಞರು ಕಾಳಜಿಯಿಂದ ಕೇಳಿದರು. "ಗೆದ್ದಲು ಹಿಡಿದಿತ್ತಾ ಮೇಡಂ?"

"ಇಲ್ಲ ಸರ್, ವಾರಸುದಾರರು ಹಿಡಿದಿದ್ದರು" ಅಂದೆ. ಸ್ಕ್ಯಾನರು ನಮ್ಮಲ್ಲೇ ಉಳಿಯಿತು.

ಆದರೆ ಚೌಕದ ತೀರ್ಪು ಬಾಕಿ ಇತ್ತಲ್ಲ. ಪಂಚರು ಕರೆಸಿದರು ಎಂದು ಆ ಪುಟದ ಪ್ರಿಂಟ್ ತೆಗೆದುಕೊಂಡು ನಾನೂ ಹೋದೆ. ಬಟ್ಟೆ ಮುಚ್ಚಿದ ಕಲ್ಲಿನ ಸುತ್ತ ಊರೇ ಸೇರಿತ್ತು. ಎದುರು ಮನೆಯವರು ಏನೂ ಮಾಡದೆ, ಏನೂ ಹುಡುಕದೆ, ಕೈಕಟ್ಟಿ ನಗುತ್ತ ನಿಂತಿದ್ದರು. ಅವರ ಅಜ್ಜ ಅಚ್ಚುಕಟ್ಟಾಗಿ ಪುಟದಲ್ಲಿದ್ದ. ಪಂಚರಲ್ಲಿ ಹಿರಿಯರು ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದರು.

"ಈ ತೂತಿನಾಗ ಇದ್ದದ್ದು ನಮ್ಮ ಅಜ್ಜನ ಹೆಸರ್ರಿ!" ಎಂದರು ಸಾವ್ಕಾರರು.

"ಹ್ಯಾಂಗ ನಂಬೂದ್ರಿ? ತೂತು ಮಾಡಿದಾವ್ರು ಯಾರು?"

"ನಾನ."

"ಯಾಕ್ರಿ?"

ಸಾವ್ಕಾರರು ಅತ್ತಿತ್ತ ನೋಡಿದರು. ಬೇರೆ ದಾರಿ ಇರಲಿಲ್ಲ. ಯಾರಿಗೂ ಗೊತ್ತಾಗಬಾರದೆಂದು ಸುಟ್ಟ ಸುದ್ದಿಯನ್ನು ಊರಿಗೆಲ್ಲ ಕೇಳುವಂತೆ ತಾವೇ ಹೇಳಬೇಕಾಯಿತು. ಅಜ್ಜ ದೊಡ್ಡ ಪೈಲವಾನ, ಮಿರಜ ಕಡೆಯ ಒಬ್ಬ ಸಣಕಲನ ಜೊತೆ ಕುಸ್ತಿ ಬಿತ್ತು, ಅಜ್ಜ ತೊಡೆ ತಟ್ಟಿ ಕಣಕ್ಕೆ ಇಳಿದ, ಹಲಗೆ ಬಾರಿಸುವವರು ಅದನ್ನು ಬೆಂಕಿಗೆ ಹಿಡಿದು ಕಾಯಿಸಿ ಮುಗಿಸುವಷ್ಟರಲ್ಲಿ ಚಿತ್ ಆಗಿ ಆಕಾಶ ನೋಡುತ್ತಿದ್ದ. ಕುಸ್ತಿ ಅಂದರೆ ಪ್ರಾಣ ಬಿಡುವ ಊರು ಅದು. ಸ್ವಾತಂತ್ರ್ಯ, ಚೌಕ, ಜೈಲು ಎಲ್ಲ ಮರೆತು ಜನ ಮುಂದೆ ಮುಂದೆ ಸರಿದರು.

"ಯಾ ಡಾವಿನಾಗ ಬಿದ್ರ್ರಿ?" ಎಂದು ಗುಂಪಿನಿಂದ ಒಬ್ಬ ಕೇಳಿದ.

"ಧೋಬಿಪಛಾಡ" ಎಂದರು ಸಾವ್ಕಾರರು, ನೆಲ ನೋಡುತ್ತ. ಅಗಸ ಬಟ್ಟೆ ಒಗೆಯುವ ಹಾಗೆ ಹೆಗಲ ಮೇಲಿಂದ ಎತ್ತಿ ಒಗೆಯುವ ಪಟ್ಟು ಅದು.

"ಯಪ್ಪಾ! ಅದನ್ನೂ ಪೇಪರ್‌ನ್ಯಾಗ ಬರದಿದ್ರೇನ್ರಿ?"

"ಎಲ್ಲಾ ಬರದಿದ್ರು. ತಲೀ ಮ್ಯಾಲಿನ ಪಟಗಾ ಎಲ್ಲಿ ಹೋಗಿ ಬಿತ್ತು ಅನ್ನೂದೂ ಬರದಿದ್ರು."

ನಗು ಇಳಿಯಲು ಬಹಳ ಹೊತ್ತು ಹಿಡಿಯಿತು. ಹಿರಿಯ ಪಂಚರು ಮಾತ್ರ ನಗಲಿಲ್ಲ. ಪ್ರಿಂಟನ್ನು ಮಡಚಿ, ಕಲ್ಲಿನ ಮೇಲಿನ ಬಟ್ಟೆಯ ತುದಿ ಹಿಡಿದುಕೊಂಡು, ಬಹಳ ಗಂಭೀರವಾಗಿ ಕೇಳಿದರು.

"ಸಾವ್ಕಾರ್ರ, ನಿಮ್ಮ ಅಜ್ಜ ಜೈಲಿಗೆ ಹೋದದ್ದಕ್ಕ ಸಾಕ್ಷಿ ಇಲ್ಲ. ಕುಸ್ತ್ಯಾಗ ಬಿದ್ದದ್ದಕ್ಕ ಊರ ಮುಂದ ನೀವ ಸಾಕ್ಷಿ ಹೇಳೀರಿ. ಈಗ ಕಲ್ಲಿನ ಮ್ಯಾಲ ಅಜ್ಜನ ಹೆಸರಿನ ಕೆಳಗ ಏನಂತ ಕೆತ್ತಸೂಣ್ರಿ?"